ಹನ್ನೊಂದನೇ ನಂಬರು

ನಂಬರ್ ಮೇಷ್ಟ್ರು ತೀರಿಕೊಂಡು ಎರಡು ತಿಂಗಳಾಯಿತು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ರಸ್ತೆಯಿಂದ ಎರಡು ಮೆಟ್ಟಿಲು ಕೆಳಗಿಳಿದರೆ ಸಿಗುವ ಒಂದೂವರೆ ಕೋಣೆಯ ಅಂಗಡಿಯಲ್ಲಿ ಮೂವತ್ತು ವರ್ಷ ಕೂತು ಕಂಪ್ಯೂಟರ್ ರಿಪೇರಿ ಮಾಡಿದರು. ಅದೂ ಹಳೆಯವನ್ನು ಮಾತ್ರ. ಹೊಸದನ್ನು ಯಾರಾದರೂ ಕಂಕುಳಲ್ಲಿ ಇಟ್ಟುಕೊಂಡು ಬಂದರೆ ಕನ್ನಡಕದ ಮೇಲಿಂದ ನೋಡಿ, "ಇದನ್ನ ಎದುರುಗಡೆ ಅಂಗಡಿಗೆ ಕೊಡಿ. ಹೊಸದು ಕೆಟ್ರೆ ಬಿಸಾಕ್ತೀರಿ, ಹಳೇದು ಕೆಟ್ರೆ ಅಳ್ತೀರಿ. ನಂಗೆ ಅಳೋರೇ ಗಿರಾಕಿ" ಎನ್ನುತ್ತಿದ್ದರು.

ಅಳುವವರಿಗೆ ಕೊರತೆ ಇರಲಿಲ್ಲ. ಲಾರಿ ತೂಗುವ ಕಟ್ಟೆ, ಕಾಲುಚೀಲ ಹೆಣೆಯುವ ಮಿಲ್ಲು, ಎಕ್ಸ್‌ರೇ ಕೋಣೆ, ಕನ್ನಡಕದ ಗಾಜು ಉಜ್ಜುವ ಕಾರ್ಖಾನೆ, ಇಂಥ ಕಡೆಗಳಲ್ಲೆಲ್ಲ ಕಬ್ಬಿಣದ ಯಂತ್ರ ಇನ್ನೂ ಗಟ್ಟಿಮುಟ್ಟಾಗಿರುತ್ತದೆ, ಅದನ್ನು ಓಡಿಸುವ ಕಂಪ್ಯೂಟರಿಗೆ ಮಾತ್ರ ಮುಪ್ಪು ಬಂದಿರುತ್ತದೆ. ಯಂತ್ರದ ಕಾರ್ಡು ಆ ಹಳೆಯ ಪೆಟ್ಟಿಗೆಗೆ ಬಿಟ್ಟು ಬೇರೆ ಯಾವುದಕ್ಕೂ ಹಿಡಿಸುವುದಿಲ್ಲ. ಹಾಗಾಗಿ ಮೇಷ್ಟ್ರೇ ಗತಿ.

'ನಂಬರ್' ಎಂಬ ಅಡ್ಡಹೆಸರು ಬಂದದ್ದು ಅವರ ಕೆಲಸದಿಂದ. ಹಳೆಯ ಕಂಪ್ಯೂಟರಿನೊಳಗೆ ಒಂದೊಂದು ಕಾರ್ಡಿಗೂ ಒಂದೊಂದು ಕರೆಗಂಟೆ ಇದ್ದಂತೆ. ಕೀಬೋರ್ಡಿಗೆ ಒಂದು ನಂಬರಿನ ಗಂಟೆ, ಡಿಸ್ಕಿಗೆ ಇನ್ನೊಂದು, ಗಡಿಯಾರಕ್ಕೆ ಮತ್ತೊಂದು. ಒಟ್ಟು ಇರುವುದೇ ಹದಿನಾರು. ಕೆಲಸ ಬಿದ್ದಾಗ ಕಾರ್ಡು ತನ್ನ ಗಂಟೆ ಒತ್ತುತ್ತದೆ, ಮುಖ್ಯ ಚಿಪ್ಪು ಕೈಲಿದ್ದುದನ್ನು ಬಿಟ್ಟು ಅತ್ತ ತಿರುಗುತ್ತದೆ. ಈಗಿನ ಕಾರ್ಡುಗಳು ಒಂದೇ ಗಂಟೆಯನ್ನು ಹಂಚಿಕೊಂಡು ಹೊಂದಿಕೊಂಡು ಹೋಗುತ್ತವೆ. ಆ ಕಾಲದ ಪೆಟ್ಟಿಗೆಗಳಿಗೆ ಆ ಗುಣವಿಲ್ಲ. ಇಬ್ಬರಿಗೆ ಒಂದೇ ಗಂಟೆ ಸಿಕ್ಕಿತೋ, ಕರೆದದ್ದು ಯಾರೆಂದು ತಿಳಿಯದೆ ಇಡೀ ಯಂತ್ರ ಕಣ್ಣು ಬಿಟ್ಟುಕೊಂಡು ನಿಂತುಬಿಡುತ್ತದೆ. ಯಾರಿಗೆ ಯಾವ ನಂಬರು ಎಂದು ಕೂತು ಹಂಚುವುದೇ ಮೇಷ್ಟ್ರ ವಿದ್ಯೆ. ಕಂಪ್ಯೂಟರ್ ಚಾಲೂ ಮಾಡಿದ ಕೂಡಲೇ ಒಂದು ಕೀ ಅದುಮಿದರೆ ಬರುವ ನೀಲಿ ಪರದೆಯಲ್ಲಿ ಆ ಹಂಚಿಕೆ ನಡೆಯುತ್ತದೆ. ಆ ನೀಲಿ ಪರದೆಗೆ ಅವರು ಎಲ್ಲ ಕಡೆ ಪಾಸ್‌ವರ್ಡ್ ಹಾಕಿದ್ದರು. ಯಾರಿಗೂ ಹೇಳಿರಲಿಲ್ಲ. ತಮ್ಮನಿಗೂ.

ತಮ್ಮ ಅವರಿಗಿಂತ ಹತ್ತು ವರ್ಷ ಚಿಕ್ಕವನು. ಅಪ್ಪ ಹೋದ ಮೇಲೆ ಅಣ್ಣನೇ ಸಾಕಿ, ಕೆಲಸ ಕಲಿಸಿ, ಮದುವೆ ಮಾಡಿದ್ದರು. ತಾವು ಮದುವೆಯಾಗಲಿಲ್ಲ, ರಾತ್ರಿಯ ಊಟ ತಮ್ಮನ ಮನೆಯಲ್ಲೇ. ಅಂಗಡಿಯಲ್ಲಿ ಕೈಕೆಲಸವೆಲ್ಲ ತಮ್ಮನದು. ಅವನ ಬೆರಳುಗಳು ಸಪೂರ, ಎಂಥ ಇಕ್ಕಟ್ಟಿನಲ್ಲೂ ಹೋಗುತ್ತಿದ್ದವು. ಕಾರ್ಡು ಕೂರಿಸುವುದು, ಕಾರ್ಡನ್ನು ಅದರ ಗಂಟೆಗೆ ಜೋಡಿಸುವ ಅಕ್ಕಿಕಾಳಿನಷ್ಟು ಪಿನ್ನುಗಳನ್ನು ತೆಗೆಯುವುದು, ಹಾಕುವುದು, ಧೂಳು ಊದುವುದು ಅವನು. ನಂಬರು ಕೊಡುವುದು ಅಣ್ಣ. ಇಪ್ಪತ್ತು ವರ್ಷ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಲಿಲ್ಲ.

ತಮ್ಮನದೊಂದು ರೂಢಿಯಿತ್ತು. ಪಕ್ಕದಲ್ಲಿ ಪುಸ್ತಕ ಹೊಲಿಯುವ ಅಂಗಡಿ. ಅದರ ಬೈಂಡರ್ ಮೇಷ್ಟ್ರ ಬಾಲ್ಯದ ಗೆಳೆಯ. ಅವನು ಪುಸ್ತಕದ ಅಂಚು ಕತ್ತರಿಸಿ ಉಳಿದ ಕಾಗದದ ಪಟ್ಟಿಗಳನ್ನು ತಮ್ಮ ಕೇಳಿ ತರುತ್ತಿದ್ದ. ಯಾವುದೇ ಕಂಪ್ಯೂಟರಿನ ಮುಚ್ಚಳ ಬಿಚ್ಚಲಿ, ಮಾಡಿದ್ದನ್ನೆಲ್ಲ ಪಟ್ಟಿಯ ಮೇಲೆ ಮಣಿಯಂಥ ಅಕ್ಷರದಲ್ಲಿ ಬರೆದು, ತಾರೀಕು ಹಾಕಿ, ಮುಚ್ಚಳದ ಒಳಬದಿಗೆ ಅಂಟಿಸುತ್ತಿದ್ದ. "ನಾಳೆ ನಾನೇ ಬಂದ್ರೂ ನಂಗೇ ಮರೆತಿರುತ್ತೆ ಬೈಂಡರಣ್ಣ. ಬರೆದಿಟ್ರೆ ನನ್ನ ಜೊತೆ ನಾನೇ ಮಾತಾಡ್ದಂಗೆ" ಎನ್ನುತ್ತಿದ್ದ.

ಒಂದು ಗುರುವಾರ ಮಧ್ಯಾಹ್ನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತವನು ಏಳಲಿಲ್ಲ. ಬಸ್ಸು ಬಂತು, ಹೋಯಿತು, ಇನ್ನೊಂದು ಬಂತು. ನಿದ್ದೆ ಎಂದುಕೊಂಡು ಯಾರೂ ಎಬ್ಬಿಸಲಿಲ್ಲ. ಆಗ ಅವನಿಗೆ ನಲವತ್ತನಾಲ್ಕು.

ಆಮೇಲೆ ಮೇಷ್ಟ್ರು ಎರಡು ಪಾಲು ಕೆಲಸವನ್ನೂ ಒಬ್ಬರೇ ಮಾಡತೊಡಗಿದರು. ಮೊದಲ ಸಲ ತೂಕದ ಕಟ್ಟೆಯಲ್ಲಿ ಮುಚ್ಚಳ ಬಿಚ್ಚಿದಾಗ ನೀಲಿ ಶಾಯಿಯ ಆ ಅಕ್ಷರಗಳು ಎದುರಿಗೆ ಬಂದವು. 'ಫ್ಯಾನಿಗೆ ಎಣ್ಣೆ ಹಾಕಿದೆ. ಇಲಿ ಇದೆ, ಹೇಳಿದ್ದೇನೆ.' ಅಷ್ಟೇ ಬರೆದಿದ್ದು. ಊರಿನ ಪ್ರತಿ ಮಿಲ್ಲಿನಲ್ಲಿ, ಪ್ರತಿ ಆಸ್ಪತ್ರೆಯಲ್ಲಿ, ತಗಡಿನ ಕತ್ತಲಲ್ಲಿ ತಮ್ಮ ಕೂತಿದ್ದಾನೆ, ಯಾರಾದರೂ ಬಾಗಿಲು ತೆಗೆಯಲೆಂದು ಕಾಯುತ್ತಿದ್ದಾನೆ ಎಂದು ಆ ಕ್ಷಣ ಅನ್ನಿಸಿದ್ದು ಮತ್ತೆ ಅವರ ತಲೆಯಿಂದ ಹೋಗಲಿಲ್ಲ. ಅಂದಿನಿಂದ ಅವರು ಮುಚ್ಚಳವನ್ನು ಮುಖ ತಿರುಗಿಸಿಕೊಂಡೇ ತೆಗೆಯುತ್ತಿದ್ದರು. ತೆಗೆದದ್ದನ್ನು ಒಳಬದಿ ಗೋಡೆಗೆ ಬರುವಂತೆ ಒರಗಿಸಿಡುತ್ತಿದ್ದರು. ಕೆಲಸ ಮುಗಿದ ಮೇಲೆ ಹಾಗೆಯೇ ಕುರುಡರಂತೆ ತಡವಿ ಮುಚ್ಚುತ್ತಿದ್ದರು. ಒಂದೆರಡು ಸಲ ಬೆರಳು ಕೊಯ್ದುಕೊಂಡರು.

ಬರೀ ದುಃಖವಾಗಿದ್ದರೆ ಓದಿ, ಅತ್ತು, ಮುಂದೆ ಹೋಗಬಹುದಿತ್ತು. ಅವರ ಹೆದರಿಕೆ ಒಂದೇ ಒಂದು ಮುಚ್ಚಳದ್ದು. ಅದು ಕನ್ನಡಕದ ಕಾರ್ಖಾನೆಯದು.

ಕನ್ನಡಕದ ಕಾರ್ಖಾನೆ ನಡೆಸುವವಳು ಐವತ್ತರ ಹೆಂಗಸು, ಎಲ್ಲರೂ ಯಜಮಾನಿ ಎನ್ನುತ್ತಾರೆ. ಮುಂದಿನ ಕೋಣೆಯಲ್ಲಿ ಅವಳು ಅಂಗಡಿಗಳಿಂದ ಬರುವ ಅಳತೆಗಳನ್ನು ತೆಗೆದುಕೊಳ್ಳುತ್ತಾಳೆ, ಹಿಂದಿನ ಕೋಣೆಯಲ್ಲಿ ನಾಲ್ವರು ಗಾಜು ಉಜ್ಜುತ್ತಾರೆ. ತಮ್ಮ ಸಾಯುವ ಎರಡು ದಿನ ಮೊದಲು, ಮಂಗಳವಾರ, ಅಲ್ಲಿನ ಕಂಪ್ಯೂಟರಿಗೆ ತಂತಿಯ ನೆಟ್‌ವರ್ಕ್ ಕಾರ್ಡು ಕೂರಿಸಿದ್ದ. ಮುಂದಿನ ಕೋಣೆಯಿಂದ ಅಳತೆ ನೇರ ಯಂತ್ರಕ್ಕೆ ಹೋಗಲಿ ಎಂದು. ಅಳತೆ ಬಂದಾಗಲೆಲ್ಲ ಕಂಪ್ಯೂಟರ್ ಸ್ತಬ್ಧವಾಗುತ್ತಿತ್ತು, ಉಜ್ಜುಗಲ್ಲಿಗೆ ಸಿಕ್ಕ ಗಾಜು ಹಾಳಾಗುತ್ತಿತ್ತು. ಏಳು ಗಾಜು ಹೋದ ಮೇಲೆ ಯಜಮಾನಿ ಮೇಷ್ಟ್ರಿಗೆ ಫೋನ್ ಮಾಡಿದಳು. ಮೇಷ್ಟ್ರು ಬಂದವರೇ ತಮ್ಮನ ಮೇಲೆ ಹರಿಹಾಯ್ದರು.

"ಎಲ್ಲಿ ತುರುಕಿದೀಯ ಕಾರ್ಡನ್ನ? ಇಪ್ಪತ್ತು ವರ್ಷ ಆಯ್ತು, ಇನ್ನೂ ನಾನೇ ಬಂದು ನಿನ್ನ ಮೂಗು ಒರೆಸ್ಬೇಕಾ?"

"ಅಣ್ಣ, ಮುಚ್ಚಳದ ಒಳಗೆ ಬರ್ದಿದೀನಿ. ಒಂದ್ಸಲ ನೋಡು."

"ನಿನ್ನ ಪುರಾಣ ಓದೋಕೆ ಪುರುಸೊತ್ತಿಲ್ಲ ನಂಗೆ. ತೆಗಿ ಅದನ್ನ. ಮುಚ್ಚು. ಕೈಲಾಗದ ಕೆಲಸ ಒಪ್ಕೋಬಾರ್ದು."

ಯಜಮಾನಿ ಇದ್ದಳು, ನಾಲ್ವರು ಕೆಲಸದವರಿದ್ದರು. ತಮ್ಮ ಕಾರ್ಡು ಕಿತ್ತ, ಮುಚ್ಚಳ ಹಾಕಿದ, ಒಂದೊಂದಾಗಿ ನಾಲ್ಕೂ ಸ್ಕ್ರೂ ಬಿಗಿದ. ಗುರುವಾರ ಹೋದ.

ಎಂಟು ತಿಂಗಳ ಮೇಲೆ ಅದೇ ಯಜಮಾನಿ ಮತ್ತೆ ಕರೆದಳು. ತಂತಿಯ ಕೆಲಸ ನಿಂತಾಗಿನಿಂದ ಅಳತೆಗಳನ್ನು ಮುಂದಿನ ಕೋಣೆಯಿಂದ ಬಾಯಲ್ಲಿ ಕೂಗಿ ಹೇಳುತ್ತಿದ್ದರು, ಉಜ್ಜುಗಲ್ಲಿನ ಸದ್ದಿನಲ್ಲಿ ಎಡದ ಗಾಜು ಬಲಕ್ಕೆ ಹೋಗುತ್ತಿತ್ತು. "ಒಬ್ರು ಅಜ್ಜಿ ನಮ್ಮ ಕನ್ನಡಕ ಹಾಕ್ಕೊಂಡು ಮೆಟ್ಟಿಲು ಇಳಿಯೋಕೆ ಹೋಗಿ ಬಿದ್ರು ಮೇಷ್ಟ್ರೇ. ಈಗ ತಂತಿ ಇಲ್ದೇ ಇರೋ ಕಾರ್ಡು ಬಂದಿದೆಯಂತಲ್ಲ, ಗಾಳಿಯಲ್ಲೇ ಬರುತ್ತಂತಲ್ಲ, ಅದನ್ನ ಹಾಕಿ" ಎಂದಳು.

ಒಲ್ಲೆ ಎನ್ನಲು ಮೇಷ್ಟ್ರಿಗೆ ನೆಪ ಸಿಗಲಿಲ್ಲ. ವೈರ್‌ಲೆಸ್ ಕಾರ್ಡು ತೆಗೆದುಕೊಂಡು ಹೋದರು. ಮುಚ್ಚಳವನ್ನು ಎಂದಿನಂತೆ ಕತ್ತು ಹೊರಳಿಸಿ ತೆಗೆದು, ಗೋಡೆಗೆ ಮುಖ ಮಾಡಿ ಇಟ್ಟರು. ಕಾರ್ಡು ಕೂರಿಸಿದರು. ಪರದೆಯ ಮೇಲೆ ಅದರ ಹೆಸರಿನ ಪಕ್ಕ ಹಳದಿ ಗುರುತು ಬಂತು: ಈ ಸಾಧನಕ್ಕೆ ಬೇಕಾದ ಜಾಗ ಖಾಲಿ ಇಲ್ಲ.

ಹದಿನಾರು ನಂಬರನ್ನೂ ಮತ್ತೆ ಮತ್ತೆ ಎಣಿಸಿದರು. ಬೇಕಾಗಿಲ್ಲದ ಪ್ರಿಂಟರಿನ ಬಾಯಿ ಮುಚ್ಚಿ ಏಳನ್ನು ಬಿಡಿಸಿದರು. ಆ ನಂಬರನ್ನು ಹೊಸ ಕಾರ್ಡು ಮೂಸಿಯೂ ನೋಡಲಿಲ್ಲ. ಕಾರ್ಡನ್ನು ಇನ್ನೊಂದು ಸೀಳಿಗೆ ಬದಲಿಸಿದರು. ಮೂರನೆಯದಕ್ಕೆ ಬದಲಿಸಿದರು. ಒಮ್ಮೆ ಅದು ಪರದೆಯ ಕಾರ್ಡಿನ ಗಂಟೆಗೇ ಜೋತುಬಿದ್ದು ಅಳತೆ ತಂದಿತು. ತಂದ ಕೂಡಲೇ ಎಲ್ಲ ಸ್ತಬ್ಧ. ಉಜ್ಜುವವರಲ್ಲಿ ಹಿರಿಯನಾದ ಗಾಜಿನ ತಾತ ಹಾಳಾದ ಗಾಜನ್ನು ಬೆಳಕಿಗೆ ಹಿಡಿದು, "ಇದನ್ನ ಹಾಕ್ಕೊಂಡ್ರೆ ಹೋದವ್ರೆಲ್ಲ ಕಾಣಿಸ್ತಾರೆ ನೋಡಿ" ಎಂದ. ಉಳಿದ ಮೂವರು ನಕ್ಕರು. ಮೇಷ್ಟ್ರು ನಗಲಿಲ್ಲ.

ನೀಲಿ ಪರದೆಗೂ ಹೋಗಿ ನೋಡಿದರು. ಹತ್ತು ಮತ್ತು ಹನ್ನೊಂದು ಗಾಜಿನ ಯಂತ್ರದ ಹಳೆಯ ಕಾರ್ಡಿಗೆಂದು ಕಾದಿರಿಸಿದ್ದವು. ಬೇರೆ ಯಾರೂ ಮುಟ್ಟದಂತೆ ಕಾದಿರಿಸಿದವರು ತಾವೇ, ಒಂಬತ್ತು ವರ್ಷದ ಕೆಳಗೆ. ಹತ್ತು ಉಜ್ಜುವ ಮೋಟಾರಿಗೆ, ಹನ್ನೊಂದು ಚೌಕಟ್ಟಿನ ಸುತ್ತಳತೆ ತೆಗೆಯುವ ಅಳತೆಯ ಕೈಗೆ. ತಾವೇ ಮಾಡಿದ್ದಲ್ಲವೇ, ಅದರಲ್ಲಿ ತಪ್ಪು ಹುಡುಕುವ ಯೋಚನೆಯೇ ಅವರಿಗೆ ಬರಲಿಲ್ಲ.

ಎರಡನೆಯ ದಿನ, ಕಾಣದ ಸಾಧನಗಳನ್ನೂ ತೋರಿಸು ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಟ್ಟರು. ಒಮ್ಮೆ ಒಳಗಿದ್ದು ಈಗ ಇಲ್ಲದ ಕಾರ್ಡುಗಳನ್ನು ಯಂತ್ರ ಮರೆಯುವುದಿಲ್ಲ, ಮಸುಕು ಅಕ್ಷರದಲ್ಲಿ ಹೆಸರಿಟ್ಟುಕೊಂಡಿರುತ್ತದೆ. ಪಟ್ಟಿ ಉದ್ದಕ್ಕೆ ಬಂತು. ತಮ್ಮ ಹಾಕಿ ನೋಡಿ ತೆಗೆದ ಮೋಡೆಮ್ಮು, ಪರೀಕ್ಷೆಗೆಂದು ಅವನೇ ತಂದ ಧ್ವನಿಯ ಕಾರ್ಡು, ಆ ಮಂಗಳವಾರದ ನೆಟ್‌ವರ್ಕ್ ಕಾರ್ಡು. ಮಸುಕಾದ ಆ ಹೆಸರುಗಳನ್ನು ಒಂದೊಂದಾಗಿ ಅಳಿಸಬೇಕಿತ್ತು. ಮೂರು ಅಳಿಸಿದರು. ನಾಲ್ಕನೆಯದು ಆ ಮಂಗಳವಾರದ್ದು. 'ಖಚಿತವೇ?' ಎಂದು ಪರದೆ ಕೇಳಿತು. ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡ ಹಾಗಾಯಿತು. ತಿರುಗಿ ನೋಡಿದರೆ ಯಾರೂ ಇಲ್ಲ, ಗೋಡೆಗೆ ಮುಖ ಮಾಡಿದ ಮುಚ್ಚಳ ಇತ್ತು. ಬಿಸಿಲಿಗೆ ಕಾದ ತಗಡು ಹಿಗ್ಗಿ ಸದ್ದು ಮಾಡಿರಬೇಕು. ಮೇಷ್ಟ್ರು ಕಂಪ್ಯೂಟರನ್ನು ಹಾಗೆಯೇ ಬಿಟ್ಟು ಎದ್ದು ಬಂದರು.

ಸಂಜೆ ಬೈಂಡರ್ ಹತ್ತಿರ ಹೇಳಿಕೊಂಡರು. ಅವನು ಅಂಟು ಹಚ್ಚುತ್ತಿದ್ದ ಕೈ ನಿಲ್ಲಿಸದೆ, "ಅವನು ಬರ್ದಿಟ್ಟಿರ್ತಾನಲ್ಲ. ಓದೋಕೇನು ರೋಗ ನಿಂಗೆ?" ಎಂದ.

"ನನ್ನ ಬೈದಿದ್ರೆ?"

"ಬೈದಿದ್ರೆ ಬೈಸ್ಕೋ. ಬದುಕಿದ್ದಾಗ ಬೈಯೋ ಧೈರ್ಯ ಅವನಿಗಿರ್ಲಿಲ್ಲ."

"ಬೈದಿರ್ದೇ ಇದ್ರೆ?"

ಬೈಂಡರ್ ಕುಂಚವನ್ನು ಡಬ್ಬಿಯಲ್ಲಿ ಅದ್ದಿದ. ಮೇಷ್ಟ್ರಿಗೆ ಬೇಕಿದ್ದದ್ದು ಸುಲಭದ್ದು: ಆ ದಿನದ ತಪ್ಪು ತಮ್ಮನದೇ ಆಗಿದ್ದಿರಬೇಕು. ಆಗ ಬೈದದ್ದು ಅಣ್ಣನ ಹಕ್ಕು, ಗುರುವಿನ ಹಕ್ಕು. ಓದದೆ ಇರುವಷ್ಟು ದಿನ ಅದು ಹಾಗೆಯೇ ಉಳಿಯುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಯಜಮಾನಿ ಬಂದು ಪಕ್ಕದಲ್ಲಿ ನಿಂತಳು. "ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ನಂಗೂ ಸಾಕಾಯ್ತು. ಹೊಸ ಯಂತ್ರಕ್ಕೆ ಹೇಳಿಬಿಟ್ಟಿದೀನಿ. ಸೋಮವಾರ ಬರುತ್ತೆ. ಇದನ್ನ ಕಬ್ಬಿಣದೋನು ನಾಳೆ ಬಂದು ಎತ್ಕೊಂಡು ಹೋಗ್ತಾನೆ."

"ಪೂರ್ತಿನಾ?"

"ಪೂರ್ತಿ. ಅರ್ಧ ಇಟ್ಕೊಂಡು ಏನ್ ಮಾಡ್ಲಿ, ಆರತಿ ಎತ್ಲಾ?"

ಅವಳು ಒಳಗೆ ಹೋದಳು. ಮೇಷ್ಟ್ರು ಸ್ಟೂಲಿನ ಮೇಲೆ ಕೂತೇ ಇದ್ದರು. ನಾಳೆ ಒಬ್ಬ ಬಂದು ಮುಚ್ಚಳವನ್ನು ಕಾಲಲ್ಲಿ ಮೆಟ್ಟಿ ಮಡಿಸುತ್ತಾನೆ. ಅದು ಕುಲುಮೆಗೆ ಹೋಗುತ್ತದೆ. ತಪ್ಪು ಯಾರದೆಂದು ಆಮೇಲೆ ಯಾರೂ ಹೇಳಲಾರರು. ಇಷ್ಟು ದಿನ ಇದನ್ನೇ ಅಲ್ಲವೇ ಅವರು ಬಯಸಿದ್ದು. ಈಗ ಕೈಗೆ ಸಿಗುವ ಹೊತ್ತಿಗೆ ಅದು ಬೇಡವೆನ್ನಿಸಿತು. ತಮ್ಮ ಕೊನೆಯದಾಗಿ ಕೇಳಿದ್ದು ಒಂದೇ, ಒಂದು ಸಲ ನೋಡು ಎಂದು. ಬೇರೇನನ್ನೂ ಅವನು ಜನ್ಮದಲ್ಲಿ ಕೇಳಿದವನಲ್ಲ.

ಎದ್ದು ಹೋಗಿ ಮುಚ್ಚಳ ತಿರುಗಿಸಿದರು.

ಪಟ್ಟಿಗಳು ಒಂದರ ಕೆಳಗೊಂದು ಇದ್ದವು. ಮೂರು ವರ್ಷದ ಹಿಂದಿನದು: 'ಅಳತೆಯ ಕೈ ಮುರಿದಿದೆ, ಗುಜರಿಗೆ ಕೊಟ್ಟರು. ಕಾರ್ಡಿನಿಂದ ಅದರ ಪಿನ್ ತೆಗೆದೆ. ಇನ್ನು ಹನ್ನೊಂದು ಬೇಡ, ಖಾಲಿ. ಅಣ್ಣನಿಗೆ ಹೇಳಿದೆ. ಹ್ಞೂಂ ಅಂದ.'

ಅದರ ಕೆಳಗಿನದಕ್ಕೆ ಆ ಮಂಗಳವಾರದ ತಾರೀಕು: 'ನೆಟ್‌ವರ್ಕ್ ಕಾರ್ಡಿಗೆ ಪ್ರತ್ಯೇಕ ನಂಬರು ಸಿಗುತ್ತಿಲ್ಲ. ನೀಲಿ ಪರದೆಯಲ್ಲಿ ಹನ್ನೊಂದನ್ನು ಇನ್ನೂ ಬಿಟ್ಟಿಲ್ಲ ಅಂತ ಕಾಣುತ್ತೆ. ಅಣ್ಣ ಮರೆತಿದ್ದಾನೆ. ಅಣ್ಣನಿಗೆ ಹೇಳಬೇಕು. ಗಿರಾಕಿಗಳ ಎದುರಿಗೆ ಬೇಡ.'

ಅಷ್ಟೇ. ಬೈಗುಳವಿರಲಿಲ್ಲ. 'ಬೇಡ' ಎಂಬಲ್ಲಿ ಶಾಯಿ ಸ್ವಲ್ಪ ಹರಡಿತ್ತು. ಬಹುಶಃ ಆ ಹೊತ್ತಿಗೇ ಅಣ್ಣನ ಚಪ್ಪಲಿ ಸದ್ದು ಕೇಳಿ ಶಾಯಿ ಒಣಗುವ ಮೊದಲೇ ಅಂಟಿಸಿದ್ದನೋ ಏನೋ.

ಮೇಷ್ಟ್ರು ಅದನ್ನು ಎಷ್ಟು ಸಲ ಓದಿದರೋ. ಆಮೇಲೆ ಕಾರ್ಡಿನ ಮೇಲೆ ಟಾರ್ಚ್ ಬಿಟ್ಟು ನೋಡಿದರು. ಹೌದು, ಎರಡನೆಯ ಪಿನ್ ಇರಲಿಲ್ಲ. ಕಂಪ್ಯೂಟರ್ ಚಾಲೂ ಮಾಡಿ, ನೀಲಿ ಪರದೆಗೆ ಹೋಗಿ, ಯಾರಿಗೂ ಹೇಳದಿದ್ದ ಆ ಪಾಸ್‌ವರ್ಡನ್ನು ಒತ್ತಿದರು. ಹನ್ನೊಂದನೇ ನಂಬರಿನ ಎದುರು 'ಕಾದಿರಿಸಿದೆ' ಎಂದಿದ್ದುದನ್ನು 'ಬಿಟ್ಟಿದೆ' ಎಂದು ಬದಲಿಸಿದರು. ಒಂದು ಕೀ, ಅರ್ಧ ನಿಮಿಷದ ಕೆಲಸ. ಮತ್ತೆ ಚಾಲೂ ಆದಾಗ ಹಳದಿ ಗುರುತು ಹೋಗಿತ್ತು. ವೈರ್‌ಲೆಸ್ ಕಾರ್ಡಿನ ಹಸಿರು ದೀಪ ಮಿಟುಕಿತು. ಮುಂದಿನ ಕೋಣೆಯಿಂದ ಅಳತೆ ಬಂತು, ಯಂತ್ರ ನಿಲ್ಲಲಿಲ್ಲ, ಗಾಜು ತಿರುಗುತ್ತಲೇ ಇತ್ತು.

"ಬಂತು! ಅಮ್ಮಾ, ಬಂತು!" ಎಂದು ಉಜ್ಜುವವರು ಕೂಗಿದರು. ಯಜಮಾನಿ ಓಡಿ ಬಂದಳು. "ಅಯ್ಯೋ, ಹೊಸದಕ್ಕೆ ಹೇಳಿಬಿಟ್ಟೆನಲ್ಲಾ! ಬೇಡ ಅಂತ ಫೋನ್ ಮಾಡ್ಲಾ? ಏನ್ ಮಾಡಿದ್ರಿ ಮೇಷ್ಟ್ರೇ ಕೊನೆಗೆ?"

ಮೇಷ್ಟ್ರು ಎದ್ದು ನಿಂತರು. "ನಾನೇನೂ ಮಾಡ್ಲಿಲ್ಲ. ಎಂಟು ತಿಂಗಳ ಹಿಂದೆ ಅವತ್ತು ಇಲ್ಲಿ ನನ್ನ ತಮ್ಮನ್ನ ಬೈದ್ನಲ್ಲ, ನಿಮ್ಮೆಲ್ಲರ ಎದುರಿಗೆ. ಆ ತಪ್ಪು ಅವನದಲ್ಲ. ನಂದು. ನಾನು ಬಿಡಬೇಕಾಗಿದ್ದ ನಂಬರನ್ನ ಬಿಟ್ಟಿರ್ಲಿಲ್ಲ. ಅವನಿಗೆ ಗೊತ್ತಿತ್ತು."

ಯಜಮಾನಿ ಮುಖ ನೋಡಿದಳು. "ಅವತ್ತು ಅಂದ್ರೆ ಯಾವತ್ತು? ನೀವಿಬ್ರೂ ಬಂದ್ರೆ ನೀವು ಗೊಣಗೋದು, ಅವ್ರು ನಗೋದು ಇದ್ದಿದ್ದೇ ಅಲ್ವಾ? ನಂಗೆ ನೆನಪಿಲ್ಲ ಬಿಡಿ."

ಮೂವರು ಕೆಲಸದವರೂ ತಲೆಯಾಡಿಸಿದರು. ನೆನಪಿಲ್ಲ. ಮೇಷ್ಟ್ರನ್ನು ಎಂಟು ತಿಂಗಳು ಹುರಿದು ತಿಂದ ಆ ಹೊತ್ತು ಇಲ್ಲಿ ಯಾರಿಗೂ ಒಂದು ಹೊತ್ತಾಗಿಯೂ ಉಳಿದಿರಲಿಲ್ಲ. ಆಗ ಗಾಜಿನ ತಾತ ಕೈ ಒರೆಸಿಕೊಳ್ಳುತ್ತ ಹೇಳಿದ:

"ನಂಗೆ ನೆನಪಿದೆ. ಆಮೇಲೆ ಅವ್ರು ಹೊರಗಡೆ ಹೋಗಿ, ನಲ್ಲಿ ಹತ್ರ, ಸ್ಕ್ರೂ ಬಿದ್ದೋಗಿದೆ ಅಂತ ಬಗ್ಗಿ ಹುಡುಕ್ತಿದ್ರು. ತುಂಬಾ ಹೊತ್ತು. ನಾನೂ ಹುಡುಕೋಕೆ ಹೋದೆ. ಸ್ಕ್ರೂ ಏನೂ ಬಿದ್ದಿರ್ಲಿಲ್ಲ ಮೇಷ್ಟ್ರೇ."

ಮೇಷ್ಟ್ರು ಮುಚ್ಚಳ ಹಾಕಿದರು. ಈ ಸಲ ನೋಡಿಕೊಂಡೇ ಹಾಕಿದರು. ಅಲ್ಲಿಂದ ನೇರ ತಮ್ಮನ ಮನೆಗೆ ನಡೆದರು.

ತಮ್ಮ ಹೋದ ಮೇಲೆ ಅವರು ಆ ಮನೆಯ ಒಳಗೆ ಕಾಲಿಟ್ಟಿರಲಿಲ್ಲ. ಸಾಮಾನು ತಂದು ಬಾಗಿಲಲ್ಲಿಟ್ಟು, ಕರೆಗಂಟೆ ಒತ್ತಿ, ಬಾಗಿಲು ತೆರೆಯುವ ಮೊದಲೇ ಮೆಟ್ಟಿಲಿಳಿಯುತ್ತಿದ್ದರು. ಈ ದಿನ ನಿಂತರು. ತಮ್ಮನ ಹೆಂಡತಿ ಬಾಗಿಲು ತೆರೆದು, ಅವರನ್ನು ನೋಡಿ, ಸೆರಗಿಗೆ ಕೈ ಒರೆಸಿಕೊಂಡಳು.

"ಬನ್ನಿ ಭಾವ. ಇವತ್ತು ಓಡಿಹೋಗ್ಲಿಲ್ವಲ್ಲ."

ಒಳಗೆ ಕೂತು, ಕೊಟ್ಟ ನೀರನ್ನು ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದರು. ಪಿನ್ನು, ಹನ್ನೊಂದು, ಮಂಗಳವಾರ, ಮುಚ್ಚಳ. ಅವಳು ಮಡಚುತ್ತಿದ್ದ ಬಟ್ಟೆಯನ್ನು ನಡುವೆ ನಿಲ್ಲಿಸದೆ ಪೂರಾ ಕೇಳಿದಳು.

"ಇದನ್ನ ನಂಗೆ ಹೇಳಿ ನೀವು ಹಗುರ ಆಗಿ ಮನೆಗೆ ಹೋಗ್ತೀರಿ. ನಾನೆಲ್ಲಿಗೆ ಹೋಗ್ಲಿ ಭಾವ?"

"ಹಗುರ ಆಗೋಕೆ ಬಂದಿಲ್ಲಮ್ಮ."

"ಮತ್ತೆ? ಅವರು ನಿಮ್ಮನ್ನ ಕ್ಷಮಿಸಿದ್ರು ಅಂತ ನಾನು ಹೇಳ್ಬೇಕಾ? ನಂಗೊತ್ತಿಲ್ಲ. ಅವತ್ತು ರಾತ್ರಿ ಊಟಕ್ಕೆ ನೀವು ಬರ್ಲಿಲ್ಲ, ಅವರೂ ಮಾಡ್ಲಿಲ್ಲ. ಯಾಕ್ರೀ ಅಂದ್ರೆ, ಅಣ್ಣನಿಗೆ ಒಂದು ವಿಷಯ ಹೇಳ್ಬೇಕು, ಹೇಳಿದ ಮೇಲೆ ಹಸಿವಾಗುತ್ತೆ ಅಂದ್ರು. ಈಗ್ಲೇ ಹೋಗಿ ಹೇಳ್ಬಾರ್ದಾ ಅಂದೆ. ಅವನು ಒಬ್ನೇ ಇರ್ಬೇಕು ಕಣೆ, ಯಾರಾದ್ರೂ ಇದ್ರೆ ಅವನಿಗೆ ಅವಮಾನ ಆಗುತ್ತೆ ಅಂದ್ರು."

ಕೊನೆಯ ಅಂಗಿಯನ್ನು ಮಡಚಿ ರಾಶಿಯ ಮೇಲಿಟ್ಟಳು.

"ಬುಧವಾರ ಬಂದು, ಇವತ್ತೂ ಆಗ್ಲಿಲ್ಲ, ಯಾರೋ ಕೂತಿದ್ರು ಅಂದ್ರು. ಗುರುವಾರ ಬೆಳಗ್ಗೆ ಅಂಗಡಿಗೆ ಹೋಗಿ ನೋಡಿ ಆಮೇಲೆ ಬಸ್ಸಿಗೆ ಹೋಗ್ತೀನಿ ಅಂತ ಹೊರಟ್ರು. ಹೇಳಿದ್ರಾ?"

"ಇಲ್ಲ," ಎಂದರು ಮೇಷ್ಟ್ರು.

"ಹಂಗಾದ್ರೆ ಎರಡು ದಿನ ಉಪವಾಸಾನೇ ಹೋದ್ರು."

ಅವಳು ಅಳಲಿಲ್ಲ. ನೀರಿನ ಲೋಟವನ್ನು ಅವರ ಕೈಯಿಂದ ತೆಗೆದುಕೊಂಡು ಒಳಗೆ ಹೋದಳು. ತುಸು ಹೊತ್ತಿನ ಮೇಲೆ ಅಡುಗೆಮನೆಯಿಂದಲೇ, "ನಾಳೆಯಿಂದ ಊಟಕ್ಕೆ ಬನ್ನಿ. ಹೊರಗಡೆ ತಿಂದು ಇದ್ದೊಬ್ರೂ ಹೋಗ್ಬೇಡಿ" ಎಂದಳು. ಅದರಲ್ಲಿ ಸಿಟ್ಟೂ ಇತ್ತು.

ಅಂಗಡಿಗೆ ಮರಳಿದಾಗ ಇನ್ನೂ ಬೆಳಕಿತ್ತು. ಮೇಷ್ಟ್ರು ತಮ್ಮ ಬಾಗಿಲು ತೆಗೆಯದೆ ಪಕ್ಕದ ಬೈಂಡರ್ ಹತ್ತಿರ ಹೋಗಿ ನಿಂತರು.

"ಲೋ, ಆ ಬುಧವಾರ ಮಧ್ಯಾಹ್ನ, ಗುರುವಾರ ಬೆಳಗ್ಗೆ, ನನ್ನ ಜೊತೆ ಒಳಗೆ ಕೂತಿದ್ದು ನೀನು ತಾನೇ?"

ಬೈಂಡರ್ ಹೊಲಿಯುತ್ತಿದ್ದ ಸೂಜಿಯನ್ನು ಕಾಗದಕ್ಕೆ ಚುಚ್ಚಿ ನಿಲ್ಲಿಸಿದ. "ನಾನೇ. ನೀನೇ ಕರೆದು ಕೂರಿಸ್ಕೊಂಡಿದ್ದಲ್ಲ. ಕೆಲಸ ಇದೆ, ಹೋಗ್ತೀನಿ ಅಂದ್ರೂ ಬಿಡ್ಲಿಲ್ಲ. ಕೂತ್ಕೊಳ್ಳೋ, ಏನವಸರ ಅಂತ."

ಅದು ನಿಜ. ಮೇಷ್ಟ್ರಿಗೆ ಆ ಎರಡು ದಿನ ತಮ್ಮನ ಜೊತೆ ಒಬ್ಬರೇ ಇರಲು ಹಿಂಜರಿಕೆಯಾಗಿ, ಅವನನ್ನು ಹೊರಗಿನ ರಿಪೇರಿಗಳಿಗೇ ಕಳಿಸಿದ್ದರು. ಮಾತು ಮಿತಿ ಮೀರಿತೆಂದು ಗೊತ್ತಿತ್ತು, ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ಮೂರನೆಯವನೊಬ್ಬ ಇದ್ದರೆ ಆ ಪ್ರಸಂಗ ಬರುವುದಿಲ್ಲವಲ್ಲ.

"ಅವನು ಬಂದಿದ್ನಾ?"

ಬೈಂಡರ್ ಸೂಜಿಯನ್ನು ಕಿತ್ತು ಪಕ್ಕಕ್ಕಿಟ್ಟ. "ನಿನ್ನ ಬೆನ್ನು ಬಾಗಿಲಿಗಿತ್ತು. ಅವನು ಎರಡು ದಿನಾನೂ ಬಂದು ಬಾಗಿಲಲ್ಲಿ ನಿಂತ. ನಿನ್ನ ಬೆನ್ನು ನೋಡ್ದ, ನನ್ನ ನೋಡಿ ನಕ್ಕ, ಏನಿಲ್ಲ ಅಂತ ಕೈ ಮಾಡಿ ಹೋದ. ಏನೋ ಪಟ್ಟಿ ಕೇಳೋಕೆ ಬಂದಿರ್ಬೇಕು, ಆಮೇಲೆ ಕೊಟ್ರಾಯ್ತು ಅಂದ್ಕೊಂಡೆ. ನಾನು ಎದ್ದು ಹೋಗಿದ್ರೆ..."

"ನೀನು ಯಾಕೆ ಎದ್ದು ಹೋಗ್ಬೇಕು. ನಾನು ಹಿಡಿದು ಕೂರಿಸಿದ್ದು."

ಇಬ್ಬರೂ ಆಮೇಲೆ ಅದರ ಬಗ್ಗೆ ಮಾತಾಡಲಿಲ್ಲ. ಅಂದೂ ಇಲ್ಲ, ಮತ್ತೆಂದೂ ಇಲ್ಲ.

ಮಾರನೆಯ ಬೆಳಗ್ಗೆ ಮೇಷ್ಟ್ರು ತಮ್ಮ ಮೇಜನ್ನು ಎಳೆದು ತಿರುಗಿಸಿ ಬಾಗಿಲಿಗೆ ಎದುರಾಗಿ ಇಟ್ಟರು. ರಸ್ತೆಯ ಬೆಳಕು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಕೈಯಲ್ಲಿದ್ದ ಕಾರ್ಡಿನ ಮೇಲೆ ಅವರದೇ ನೆರಳು. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೆಲಸ ಮಾಡತೊಡಗಿದರು. ಗಿರಾಕಿಗಳು ನಕ್ಕರು. "ಏನ್ ಮೇಷ್ಟ್ರೇ, ಗಲ್ಲಾಪೆಟ್ಟಿಗೆ ಕಾಯೋ ಶೆಟ್ಟರ ಥರ ಕೂತಿದೀರಲ್ಲ?" ಅವರು ಟಾರ್ಚ್ ತೆಗೆದು, "ಬಂದೋರು ಕಾಣ್ಬೇಕಲ್ಲಪ್ಪ" ಎನ್ನುತ್ತಿದ್ದರು.

ಬೈಂಡರ್‌ಗೆ ಮಾತ್ರ ಒಂದು ಮಾತು ಹೇಳಿದರು. "ನಾಳೆಯಿಂದ ಮಧ್ಯಾಹ್ನ ಬರ್ಬೇಡ. ಐದು ಗಂಟೆ ಮೇಲೆ ಬಾ. ಮಧ್ಯಾಹ್ನ ಸ್ವಲ್ಪ ಹೊತ್ತು ನಾನು ಒಬ್ನೇ ಇರ್ತೀನಿ."

ಯಾಕೆ ಎಂದು ಬೈಂಡರ್ ಕೇಳಲಿಲ್ಲ. ಹುಚ್ಚು ಎಂದೂ ಅನ್ನಲಿಲ್ಲ. ಎರಡು ವರ್ಷ ದಿನವೂ ಊಟವಾದ ಮೇಲಿಂದ ಐದರವರೆಗೆ ಮೇಷ್ಟ್ರು ಗಿರಾಕಿಗಳನ್ನು ಒಳಗೆ ಕೂರಿಸಿಕೊಳ್ಳಲಿಲ್ಲ. ಬಾಗಿಲು ತೆರೆದೇ ಇರುತ್ತಿತ್ತು. ಗೋಡೆಯ ಈಚೆಗೆ ಪುಸ್ತಕ ಹೊಲಿಯುತ್ತ ಕೂತ ಬೈಂಡರ್‌ಗೆ ಆ ಹೊತ್ತಿನಲ್ಲಿ ಒಮ್ಮೊಮ್ಮೆ ಮೇಷ್ಟ್ರ ದನಿ ಕೇಳುತ್ತಿತ್ತು. ಒಂದೇ ದನಿ. ಮಾತು ಏನೆಂದು ತಿಳಿಯುತ್ತಿರಲಿಲ್ಲ, ತಿಳಿಯಲು ಅವನು ಕಿವಿಗೊಡಲೂ ಇಲ್ಲ. ಒಮ್ಮೊಮ್ಮೆ ಯಾರದೋ ಮಾತು ಕೇಳುತ್ತಿರುವಂತೆ ಉದ್ದದ ಮೌನ, ನಡುವೆ ಒಂದು 'ಹ್ಞೂಂ'.

ಎರಡು ತಿಂಗಳ ಹಿಂದೆ ಒಂದು ಬುಧವಾರ ಆ ಕಡೆಯಿಂದ ಏನೂ ಕೇಳಿಸಲಿಲ್ಲ. ಬೈಂಡರ್ ಗಡಿಯಾರ ನೋಡಿದ. ನಾಲ್ಕು ಗಂಟೆ ಹತ್ತು ನಿಮಿಷ. ಏಳಬೇಕೆಂದುಕೊಂಡ, ಮಾತು ಕೊಟ್ಟಿದ್ದು ಐದಕ್ಕೆ, ಎಂದು ಕೂತ. ಐದಕ್ಕೆ ಸರಿಯಾಗಿ ಎರಡು ಮೆಟ್ಟಿಲು ಇಳಿದು ಹೋದ. ಮೇಷ್ಟ್ರು ಬಾಗಿಲಿಗೆ ಮುಖ ಮಾಡಿ ಕುರ್ಚಿಯಲ್ಲಿ ಒರಗಿದ್ದರು. ಕನ್ನಡಕ ಮೂಗಿನ ಮೇಲಿತ್ತು, ಟಾರ್ಚ್ ತೊಡೆಯ ಮೇಲೆ ಉರಿಯುತ್ತಿತ್ತು. ಬೈಂಡರ್ ಬಾಗಿಲಲ್ಲೇ ನಿಂತ. ಒಳಗೆ ಕಾಲಿಡಲು ಅವನಿಗೆ ಬಹಳ ಹೊತ್ತು ಹಿಡಿಯಿತು.